ನಾನು ಹಾಕದೆ ಬಂದ ಸಹಿ

ಹೋದ ತಿಂಗಳು ಒಂದು ಬುಧವಾರ ನಾನು ಒಂದು ಸಹಿ ಹಾಕಲಿಲ್ಲ.

ಅಷ್ಟೇ ಸಂಗತಿ. ಪೆನ್ನು ಕೈಯಲ್ಲಿತ್ತು. ಕ್ಯಾಪು ತೆಗೆದಾಗಿತ್ತು. ಎಲ್ಲಿ ಹಾಕಬೇಕು ಅಂತ ಪೆನ್ಸಿಲಿನಲ್ಲಿ ಸಣ್ಣ ಇಂಟು ಮಾರ್ಕ್ ಮಾಡಿ ತೋರಿಸಿಯೂ ಆಗಿತ್ತು. ನಾನು ಕ್ಯಾಪು ಮುಚ್ಚಿ ಪೆನ್ನನ್ನು ಜೇಬಿಗೆ ಸೇರಿಸಿದೆ. ಅದರಿಂದ ಆ ದಿನ ಒಂದು ಮನೆ ಮಾರಾಟವಾಗಲಿಲ್ಲ, ಮೂರು ಜನ ನನ್ನ ಜೊತೆ ಮಾತು ಬಿಟ್ಟರು, ನಮ್ಮ ಮಹಡಿ ಮನೆಯ ಗೋಡೆಗೆ ಒಂದು ಮೊಳೆ ಬಿತ್ತು.

ಮೊಳೆಯ ವಿಷಯ ಆಮೇಲೆ. ಕ್ರಮವಾಗಿ ಹೋಗೋಣ. 

ಈ ಅಂಕಣವನ್ನು ಮೊದಲಿಂದ ಓದುತ್ತಿರುವವರಿಗೆ ಗೊತ್ತು, ನಾನು ಪೀಣ್ಯದ ಒಂದು ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಇದ್ದವನು. ಮೆಷಿನ್ ಶಾಪಿನಿಂದ ಬಂದ ಬಿಡಿಭಾಗವನ್ನು ಅಳೆಯಬೇಕು, ಡ್ರಾಯಿಂಗ್ ಜೊತೆ ತಾಳೆ ನೋಡಬೇಕು, ಸರಿಯಿದ್ದರೆ ಚೀಟಿಗೆ ಸಹಿ. ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ವಾಪಸ್. ("ನಿನ್ ಟೇಬಲ್ ದಾಟೋದಕ್ಕಿಂತ ಪಾಸ್‌ಪೋರ್ಟ್ ಮಾಡಿಸೋದು ಸುಲಭ ಗುರು" ಎಂದು ಮೆಷಿನ್ ಶಾಪಿನವರು ಬೈಯುತ್ತಿದ್ದರು.)

ನಿವೃತ್ತನಾದ ಮೇಲೆ ನನ್ನ ಸಹಿಗೆ ಬೇರೊಂದು ಕೆಲಸ ಸಿಕ್ಕಿತು. ಸಾಕ್ಷಿ.

ಸಹೋದ್ಯೋಗಿಯ ಮಗಳು ಫ್ಲ್ಯಾಟ್ ತಗೊಂಡಳು, ಸಾಕ್ಷಿಗೆ ನಾನು. ಎದುರು ಮನೆಯವರು ಸೈಟ್ ಮಾರಿದರು, ನಾನು. ವಾಕಿಂಗ್ ಗೆಳೆಯನ ಷಡ್ಡಕ ಚಂದಾಪುರದಲ್ಲಿ ಮನೆ ಕೊಂಡ, ಅಲ್ಲಿಯವರೆಗೆ ಬಸ್ಸು ಬದಲಾಯಿಸಿಕೊಂಡು ಹೋದವನೂ ನಾನೇ. ಹಗಲು ಬಿಡುವಾಗಿರುತ್ತೇನೆ. ಹೇಳಿದ ಟೈಮಿಗೆ ಹತ್ತು ನಿಮಿಷ ಮೊದಲೇ ಇರುತ್ತೇನೆ. ಆಧಾರ್ ಕಾರ್ಡ್ ಜೇಬಿನಲ್ಲೇ ಇರುತ್ತದೆ. ಇನ್ನೇನು ಬೇಕು?

"ಮದುವೆಗೆ ಕರೆಯದೇ ಇದ್ದೋರೂ ರಿಜಿಸ್ಟ್ರೇಷನ್‌ಗೆ ಕರೀತಾರೆ ನಿಮ್ಮನ್ನ" ಎನ್ನುತ್ತಾಳೆ ನನ್ನ ಹೆಂಡತಿ.

ಎಷ್ಟು ಪತ್ರಗಳಿಗೆ ಹಾಕಿದ್ದೇನೆ ಎಂದು ಈಗ ಕೂತು ಎಣಿಸಿದೆ. ಹದಿನಾರು. ಅದರಲ್ಲಿ ಎಷ್ಟನ್ನು ಓದಿದ್ದೇನೆ? ಒಂದನ್ನೂ ಓದಿಲ್ಲ.

ಇರಲಿ. ರೇಣುಕಾ ಮತ್ತು ಮಲ್ಲಪ್ಪ ನಮ್ಮ ಮಹಡಿ ಮನೆಯಲ್ಲಿ ಒಂಬತ್ತು ವರ್ಷದಿಂದ ಬಾಡಿಗೆಗಿದ್ದಾರೆ. ಕುಷ್ಟಗಿ ಕಡೆಯವರು. ಅವಳು ಇಲ್ಲೇ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್ ಆಗಿ ಸೇರಿ ಈಗ ಲೈನ್ ಸೂಪರ್‌ವೈಸರ್. ಅವನು ಸೆಂಟ್ರಿಂಗ್ ಕೆಲಸದವನು. ಈ ರಸ್ತೆಯುದ್ದಕ್ಕೂ ಎದ್ದಿರುವ ಎಷ್ಟೋ ಅಪಾರ್ಟ್‌ಮೆಂಟುಗಳ ಛಾವಣಿಗೆ ಹಲಗೆ ಕಟ್ಟಿದ್ದು ಅವನ ಕೈ. ಮಾತು ಕಡಿಮೆ. ಅವನ ಪಾಲಿನದನ್ನೂ ಅವಳೇ ಆಡುತ್ತಾಳೆ.

ನಮ್ಮ ಮನೆಯಲ್ಲಿ ಬಾಡಿಗೆಯವರಿಗೆ ಒಂದು ನಿಯಮ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. (ನಿಯಮ ನನ್ನದೇ. ಪ್ಲಾಸ್ಟರು ಬಿರುಕು ಬಿಡುತ್ತದೆ.) ಹಾಗಾಗಿ ಅವರ ದೇವರ ಫೋಟೋ ಫ್ರಿಜ್ಜಿನ ಮೇಲಿದೆ, ಕ್ಯಾಲೆಂಡರು ಕಿಟಕಿಯ ಸರಳಿಗೆ ನೇತಾಡುತ್ತದೆ, ಕನ್ನಡಿ ಕುರ್ಚಿಯ ಮೇಲೆ ಗೋಡೆಗೆ ಒರಗಿಕೊಂಡಿದೆ. ತಲೆ ಬಾಚಲು ಅವಳು ಒಂಬತ್ತು ವರ್ಷದಿಂದ ಬಗ್ಗುತ್ತಿದ್ದಾಳೆ.

"ಸರ್ರ, ನಮ್ಮ ಸ್ವಂತ ಮನಿ ಆದ ದಿನ ಹತ್ತು ಮೊಳಿ ಹೊಡಿಯಾಕಿ ನೋಡ್ರಿ ನಾ" ಎನ್ನುತ್ತಿದ್ದಳು. "ತೂಗಹಾಕಾಕ ಏನೂ ಇರಲಿಲ್ಲಂದ್ರೂ ಹೊಡಿಯಾಕಿ."

ಈ ವರ್ಷ ಮನೆ ಸಿಕ್ಕಿತು. ಮಾದನಾಯಕನಹಳ್ಳಿಯಲ್ಲಿ, ಸಾಲು ಗೋಡೌನುಗಳ ಹಿಂದೆ. ಒಂದು ಹಾಲು, ಒಂದು ರೂಮು, ಅಡುಗೆಮನೆ, ಸಂಪು, ಮುಂದೆ ಸ್ಕೂಟರ್ ನಿಲ್ಲಿಸುವಷ್ಟು ಜಾಗ. ಮಾಲೀಕರು ಹನುಮಂತರಾಯಪ್ಪ ಎಂಬ ಹತ್ತಿರದ ಹಳ್ಳಿಯವರು. ಮಾರುತ್ತಿದ್ದವರು ಅವರ ತಮ್ಮ ನಂಜುಂಡಪ್ಪ. ಅಣ್ಣ ತಮ್ಮನಿಗೆ ಜಿಪಿಎ ಮಾಡಿಕೊಟ್ಟಿದ್ದರು. ಅಂದರೆ, ನನ್ನ ಪರವಾಗಿ ನೀನು ಓಡಾಡು, ಮಾರು, ಸಹಿ ಹಾಕು ಎಂದು ಬರೆದುಕೊಡುವ ಅಧಿಕಾರ ಪತ್ರ. "ಅನಾರೋಗ್ಯದ ನಿಮಿತ್ತ ಓಡಾಡಲು ಆಗದ ಕಾರಣ" ಎಂದು ಅದರಲ್ಲೇ ಬರೆದಿತ್ತು. ಪಾಪ, ಹಾಸಿಗೆ ಹಿಡಿದಿರಬೇಕು ಎಂದುಕೊಂಡೆವು. ಯಾರೂ ಕೇಳಲಿಲ್ಲ.

ರೇಣುಕಾ ಕೇಳದೇ ಬಿಟ್ಟ ಪ್ರಶ್ನೆ ಅದೊಂದೇ ಇರಬೇಕು. ಅವಳ ಹತ್ತಿರ ಒಂದು ಪಟ್ಟಿ ಇತ್ತು. ಫ್ಯಾಕ್ಟರಿಯ ಹಳೇ ಸೈಜ್ ಚಾರ್ಟಿನ ಹಿಂಬದಿಯಲ್ಲಿ ಬರೆದ ಹದಿನಾಲ್ಕು ಪ್ರಶ್ನೆ. ಕೆಲವು ಫೋನಿನಲ್ಲಿ ವಿಡಿಯೋ ನೋಡಿ ಬರೆದುಕೊಂಡದ್ದು, ಕೆಲವು ಮನೆ ಕೊಂಡ ಗೆಳತಿಯರಿಂದ, ಎರಡು ನನ್ನಿಂದ. ಮನೆ ಕೊಳ್ಳುವವರೆಲ್ಲ ಕೇಳುವ ಪ್ರಶ್ನೆಗಳೇ. ಮೂಲಪತ್ರದ ಒರಿಜಿನಲ್ ಇದೆಯಾ? ಇದೆ, ಟಿಕ್. ಇ.ಸಿ. (ಆ ಆಸ್ತಿಯನ್ನು ಯಾರು ಯಾರಿಗೆ ಮಾರಿದರು, ಅಡ ಇಟ್ಟರು ಎಂದು ತೋರಿಸುವ ಪಟ್ಟಿ) ತೆಗೆಸಿದ್ದಾಯಿತಾ? ಮೂವತ್ತು ವರ್ಷದ್ದು, ಟಿಕ್. ಹೊಲವನ್ನು ಸೈಟ್ ಮಾಡುವಾಗ ಕನ್ವರ್ಷನ್ ಆಗಿತ್ತಾ? ಆಗಿತ್ತು. ಖಾತಾ ಯಾರ ಹೆಸರಿನಲ್ಲಿದೆ? ಹನುಮಂತರಾಯಪ್ಪನವರದೇ. ಕಂದಾಯ, ಕರೆಂಟು ಬಾಕಿ ಇದೆಯಾ? ಇಲ್ಲ. ಪತ್ರದ ಅಳತೆಯೂ ನೆಲದ ಅಳತೆಯೂ ಒಂದೇನಾ? (ಇದನ್ನು ನಾನೇ ಟೇಪು ಹಿಡಿದು ಅಳೆದೆ. ಉತ್ತರಕ್ಕೆ ಎರಡು ಇಂಚು ಕಡಿಮೆ. ಬರೆದಿಟ್ಟೆ.) ಜಿಪಿಎ ರಿಜಿಸ್ಟರ್ ಆಗಿದ್ದಾ, ಬರೀ ನೋಟರಿಯಾ? ರಿಜಿಸ್ಟರ್ ಆಗಿದ್ದು, ಟಿಕ್.

"ಒಂದ ಗುಂಡಿ ಸಡಿಲ ಇದ್ರ ಪೀಸ್ ಪಾಸ್ ಮಾಡಂಗಿಲ್ರಿ ನಾ ನಮ್ಮ ಲೈನಿನ್ಯಾಗ" ಎಂದಳು, ಹದಿನಾಲ್ಕನೇ ಟಿಕ್ ಹಾಕುತ್ತಾ.

ನಾನೂ ಇನ್‌ಸ್ಪೆಕ್ಟರು, ಅವಳೂ ಇನ್‌ಸ್ಪೆಕ್ಟರು. ಇಬ್ಬರೂ ಪಾಸ್ ಮಾಡಿದೆವು.

ಬುಧವಾರ ಹನ್ನೊಂದೂವರೆಗೆ ನಮ್ಮ ಸ್ಲಾಟ್. ಹನ್ನೊಂದಕ್ಕೇ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಇದ್ದೆವು. ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೂತು ಪತ್ರ ತಯಾರಿಸುವ ಉಮೇಶ ಬಂದು, "ಸರ್ವರ್ ಡೌನ್ ಸಾರ್, ಟೀ ಕುಡೀರಿ" ಎಂದು ಹೋದ. ಮನೆ ಕೊಂಡ ಎಲ್ಲರಿಗೂ ಈ ಟೀ ಗೊತ್ತು.

ರೇಣುಕಾ ಹೊಸ ಸೀರೆ ಉಟ್ಟಿದ್ದಳು. ಮಲ್ಲಪ್ಪ ಷೇವ್ ಮಾಡಿಕೊಂಡು ಬಂದಿದ್ದ. ನಂಜುಂಡಪ್ಪ ಅರವತ್ತರ ಹತ್ತಿರದ ಮನುಷ್ಯ, ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ನಿಂತಿದ್ದ ನನಗೆ ತಾವೇ ಎಲ್ಲಿಂದಲೋ ಒಂದು ಸ್ಟೂಲ್ ತಂದು ಹಾಕಿದರು. ಒಳ್ಳೆಯ ಮನುಷ್ಯ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಮುಂದಿನದನ್ನು ಕೇಳಿ ನೀವು ಅವರನ್ನು ಮೋಸಗಾರ ಎಂದುಕೊಳ್ಳಬಾರದು.

"ಮುಂದಿನ್ ಸ್ವಾಮಾರ ಬಿಡುವಾಗಿದ್ದೀರಾ ಸಾ?" ಎಂದರು.

"ಯಾಕೆ?"

"ಮನೇತಕೆ ಬನ್ನಿ ಊಟಕ್ಕೆ. ನಮ್ಮಣ್ಣುಂದು ವರ್ಸದ್ ತಿಥಿ ಐತೆ. ಜಾಸ್ತಿ ಜನ ಇಲ್ಲ, ನಮ್ ನಮ್ಮೋರೇ. ಈ ಮಕ್ಳನ್ನೂ ಕರ್ಕಂಡ್ ಬನ್ನಿ."

"ಬರೋಣ ಬರೋಣ" ಎಂದೆ. ಮಾತು ಮುಂದುವರಿಸಬೇಕಲ್ಲ, ಅದಕ್ಕೆ ಕೇಳಿದೆ: "ನೀವು ಎಷ್ಟು ಜನ ಅಣ್ಣತಮ್ಮಂದಿರು?"

"ಇಬ್ರೇ ಸಾ. ಅಣ್ಣ, ನಾನು."

ಆಗಲೂ ನನಗೆ ಹೊಳೆಯಲಿಲ್ಲ. ಇದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಟೀ ಬಿಸಿಯಿತ್ತು, ಊದಿಕೊಂಡು ಕುಡಿದೆ.

ಹನ್ನೆರಡು ಗಂಟೆಗೆ ಉಮೇಶ ಕಾಗದಗಳ ಕಟ್ಟು ತಂದು ಬೆಂಚಿನ ಮೇಲೆ ಇಟ್ಟ. ಒಟ್ಟು ನಲವತ್ತೇಳು ಪುಟ. "ಪೆನ್ಸಿಲ್ ಮಾರ್ಕ್ ಇರೋ ಕಡೆ ಹಾಕ್ತಾ ಹೋಗಿ ಸಾರ್. ಸರ್ವರ್ ಬಂದ ತಕ್ಷಣ ಒಳಗೆ." ನಂಜುಂಡಪ್ಪ ಅಷ್ಟರಲ್ಲಿ ತಮ್ಮ ಸಹಿಗಳನ್ನು ಮುಗಿಸಿದ್ದರು. ನನ್ನ ಸರದಿ.

ನಾನು ಮೊದಲ ಪುಟದಿಂದ ಓದಲು ಶುರು ಮಾಡಿದೆ. ಹದಿನೇಳನೆಯ ಪತ್ರದಲ್ಲಿ ಮೊದಲ ಬಾರಿಗೆ ಓದಿದೆ. ಜವಾಬ್ದಾರಿಯಿಂದ ಅಂದುಕೊಳ್ಳಬೇಡಿ. ಸರ್ವರ್ ಡೌನ್ ಆಗಿತ್ತು, ಬೇರೆ ಕೆಲಸವಿರಲಿಲ್ಲ.

ನಲವತ್ತೊಂದನೇ ಪುಟ ಒಂದು ಅಫಿಡವಿಟ್. ನಂಜುಂಡಪ್ಪನವರ ಹೆಸರಿನಲ್ಲಿ. ಮೂರನೇ ಸಾಲು ಹೀಗಿತ್ತು: "ನನಗೆ ಅಧಿಕಾರ ಪತ್ರ ಬರೆದುಕೊಟ್ಟಿರುವ ನನ್ನ ಅಣ್ಣ ಶ್ರೀ ಹನುಮಂತರಾಯಪ್ಪನವರು ಈ ದಿನ ಜೀವಂತವಾಗಿರುತ್ತಾರೆಂದು ಪ್ರಮಾಣ ಮಾಡಿ ಹೇಳುತ್ತೇನೆ." ಕೆಳಗೆ ಸಹಿ. ಇಂಕು ಇನ್ನೂ ಹೊಳೆಯುತ್ತಿತ್ತು.

ಓದಿದೆ. ಇನ್ನೊಮ್ಮೆ ಓದಿದೆ. ಕಾರ್ಖಾನೆಯಲ್ಲಿ ಅಳತೆ ತಪ್ಪಿದಾಗ ಮೊದಲು ನಮ್ಮ ಸಾಧನವನ್ನೇ ಅನುಮಾನಿಸಬೇಕು ಎಂದು ಕಲಿಸುತ್ತಾರೆ. ಕನ್ನಡಕ ಒರೆಸಿಕೊಂಡು ಮೂರನೇ ಸಲ ಓದಿದೆ.

"ನಂಜುಂಡಪ್ಪನವರೇ, ಸೋಮವಾರ ಯಾರ ತಿಥಿ ಅಂದ್ರಿ?"

"ನಮ್ಮಣ್ಣುಂದು ಸಾ. ಅನುಮಂತರಾಯಪ್ಪುಂದು."

ನಾನು ಆ ಸಾಲನ್ನು ಗಟ್ಟಿಯಾಗಿ ಓದಿದೆ. ರೇಣುಕಾ ಹತ್ತಿರ ಬಂದು ನಿಂತಳು. ನಂಜುಂಡಪ್ಪ ಟವೆಲಿನಿಂದ ಬಾಯಿ ಒರೆಸಿಕೊಂಡರು. ಅವರಿಗೆ ಆ ಸಾಲು ಗೊತ್ತೇ ಇರಲಿಲ್ಲ. ಹಾಕಿ ಎಂದ ಕಡೆ ಹಾಕಿದ್ದರು. ಹದಿನಾರು ಸಲ ನಾನು ಮಾಡಿದ ಹಾಗೆಯೇ.

ಉಮೇಶ ಬಗ್ಗಿ ಆ ಸಾಲನ್ನು ನೋಡಿದ. ಅವನಿಗೆ ಮೊದಲೇ ಗೊತ್ತಿತ್ತಾ? ಮುಖ ನೋಡಿದರೆ ಇಲ್ಲ ಅನಿಸಿತು. ಆದರೆ ಮುಖ ಅಳೆಯುವ ಸಾಧನ ನನ್ನ ಹತ್ತಿರ ಇಲ್ಲ. ಆಮೇಲೆ ದನಿ ತಗ್ಗಿಸಿ ಹೇಳಿದ: "ಸಾರ್, ಅದು ಫಾರ್ಮ್ಯಾಟು. ಎಲ್ರಿಗೂ ಅದೇ ಪ್ರಿಂಟು. ಅದರ ಮೇಲೆ ನಿಮ್ ಸಹಿ ಇಲ್ವಲ್ಲ. ನೀವು ಕ್ರಯಪತ್ರಕ್ಕೆ ಹಾಕಿ ಸಾಕು. ಸಾಕ್ಷಿಗೆ ಒಳಗಿನ ವಿಷಯ ಗೊತ್ತಿರ್ಬೇಕು ಅಂತ ಎಲ್ಲೂ ಇಲ್ಲ."

"ಇಲ್ಲಿ 'ಗುರುತಿಸುವವರು' ಅಂತ ಇದೆಯಲ್ಲ ಉಮೇಶ್. ಮಾರುವವರನ್ನು ನಾನು ಬಲ್ಲೆ ಅಂತ."

"ನಂಜುಂಡಪ್ಪಣ್ಣನ್ನ ಬಲ್ಲಿರಿ ತಾನೆ? ಈಗ ತಾನೆ ಟೀ ಕುಡಿದ್ರಿ. ಆ ತಿಥಿ ವಿಷಯ ನೀವು ಕೇಳಿಸ್ಕೊಂಡೇ ಇಲ್ಲ ಅನ್ಕೊಳಿ."

ಆಗಲೇ ನಾನು ಪೆನ್ನಿನ ಕ್ಯಾಪು ಮುಚ್ಚಿದ್ದು.

"ಇಂಗ್ ಮಾಡಬ್ಯಾಡಿ ಸಾ" ಎಂದರು ನಂಜುಂಡಪ್ಪ. ಕೋಪವಿರಲಿಲ್ಲ, ದಿಗಿಲಿತ್ತು. "ಬದುಕಿದ್ದಾಗ ಅಣ್ಣ ಕೈಯಾರೆ ಬರ್ಕೊಟ್ಟವ್ನೆ. ಮನೆ ಮಾರು, ದುಡ್ಡು ಮಗಳ್ಗೆ ಕೊಡು ಅಂತ ಬಾಯಾರೆ ಯೋಳವ್ನೆ. ಬದುಕಿದ್ದಾಗ ಕೊಟ್ಟ ಮಾತು ಸತ್ ಮೇಲೆ ಸುಳ್ಳಾಯ್ತದಾ?"

ಇದಕ್ಕೆ ಏನು ಹೇಳುತ್ತೀರಿ?

ಉಮೇಶ ಗಡಿಯಾರ ನೋಡಿಕೊಂಡ. "ಅಕ್ಕಾ, ಟೆನ್ಷನ್ ಬೇಡ. ಟೀ ಅಂಗಡಿಯವನನ್ನ ಐದು ನಿಮಿಷದಲ್ಲಿ ಕರ್ಕೊಂಡು ಬರ್ತೀನಿ, ಅವನೇ ಸಾಕ್ಷಿ ಹಾಕ್ತಾನೆ."

ರೇಣುಕಾ ಆ ಪುಟವನ್ನು ನನ್ನ ಕೈಯಿಂದ ತಗೊಂಡು ತಾನೇ ಓದಿದಳು. ತುಟಿಗಳು ಅಲುಗುತ್ತಿದ್ದವು.

"ಚಾದಂಗಡಿಯಾಂವ ಸಹಿ ಹಾಕಿದ್ರ ಸತ್ತಾವ್ರು ಎದ್ದು ಬರ್ತಾರೇನಣ್ಣಾ?" ಎಂದಳು. "ಇವತ್ತು ಬ್ಯಾಡ ಬಿಡ್ರಿ."

ಆಮೇಲೆ ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು. "ಮೂರು ತಿಂಗಳ ಜೋಡಿಲೆ ಓಡಾಡಿದ್ರಿ. ಸಂಪಿನ ಆಳ ಅಳದ್ರಿ. ಇದನ್ನ ಕೇಳಾಕ ಇವತ್ತ ಬೇಕಾಗಿತ್ತೇನ್ರಿ?"

ವಾಪಸ್ ಬಸ್ಸಿನಲ್ಲಿ ಬಂದೆವು. ಎಂಟನೇ ಮೈಲಿ ಸ್ಟಾಪಿನ ಹತ್ತಿರ ಬಂದಾಗ ಮಲ್ಲಪ್ಪ ಬಾಯಿ ಬಿಟ್ಟ. ನನಗಲ್ಲ, ಕಿಟಕಿಗೆ.

"ಸರ್ರಿಗೂ ಇಂಥಾ ಬಾಡಗಿ ಮಂದಿ ಮತ್ತ ಎಲ್ಲಿ ಸಿಗ್ತಾರ."

ಒಂಬತ್ತು ವರ್ಷದಲ್ಲಿ ಅವನು ಆಡಿದ ಅತಿ ಉದ್ದದ ಮಾತುಗಳಲ್ಲಿ ಇದೊಂದು.

ಸಂಜೆ ಮೇಲಿನಿಂದ ಸದ್ದು ಕೇಳಿತು. ಸುತ್ತಿಗೆಯ ಮೂರು ಏಟು. ಸ್ವಲ್ಪ ತಡೆದು ಇನ್ನೊಂದು. ಹೆಂಡತಿ ನನ್ನ ಮುಖ ನೋಡಿದಳು. ನಾನು ಮಹಡಿ ಹತ್ತಲಿಲ್ಲ.

ಮಲ್ಲಪ್ಪ ಹೇಳಿದ್ದು ನಿಜವಾ? ಅಳೆದು ನೋಡಿಕೊಂಡೆ. ಅವರು ಹೋಗುತ್ತಾರೆಂದು ನನಗೆ ಬೇಜಾರಿತ್ತಾ? ಇತ್ತು. ಹಿಂದಿನ ಭಾನುವಾರ 'ಟು ಲೆಟ್' ಬೋರ್ಡನ್ನು ಅಟ್ಟದಿಂದ ಇಳಿಸಿ ಮತ್ತೆ ಅಲ್ಲೇ ಇಟ್ಟಿದ್ದೆ. ಆ ಬೇಜಾರು ಕ್ಯಾಪು ಮುಚ್ಚಿದ ಕೈಯಲ್ಲಿ ಇತ್ತಾ? ಇರಲಿಲ್ಲ ಎಂದೇ ನನ್ನ ನಂಬಿಕೆ. ಸೊನ್ನೆ ಎಂದು ಬರೆದು ಸಹಿ ಹಾಕು ಎಂದರೆ ಮಾತ್ರ ಹಾಕಲಾರೆ.

ಶುಕ್ರವಾರ ಸಂಜೆ ರೇಣುಕಾ ಕೆಳಗೆ ಬಂದಳು. ಬಾಗಿಲಲ್ಲೇ ನಿಂತಳು.

"ಒಂದ್ ಮೊಳಿ ಹೊಡದೀನ್ರಿ."

"ಕೇಳಿಸ್ತು."

"ತಗೀಬೇಕೇನ್ರಿ?"

"ಬೇಡ, ಇರ್ಲಿ. ಏನು ತೂಗುಹಾಕಿದೀಯಮ್ಮ?"

"ಏನಿಲ್ರಿ." ಸೈಜ್ ಚಾರ್ಟನ್ನು ಮುಂದೆ ಚಾಚಿದಳು. ಹದಿನೈದನೇ ಪ್ರಶ್ನೆ ಬರೆದುಕೊಂಡಿದ್ದಳು. "ಮಾರವ್ರು ಅದಾರೋ ಇಲ್ಲೋ?" ಪಕ್ಕದಲ್ಲಿ ಟಿಕ್ ಇರಲಿಲ್ಲ. "ನಾಳೆ ಒಬ್ಬ ವಕೀಲ್ರ ಕಡೆ ಹೋಗೂದೈತ್ರಿ. ನೀವೂ ಬರ್ರಿ. ಕೆಡಿಸಿದವ್ರ ನೀವ, ಸರಿ ಮಾಡಾಕೂ ನೀವ ಬರ್ರಿ."

ದಾಸರಹಳ್ಳಿಯ ಆ ವಕೀಲರು, ನಡುವಯಸ್ಸಿನ ಹೆಣ್ಣುಮಗಳು, ನಲವತ್ತೇಳು ಪುಟವನ್ನೂ ತಿರುವಿದರು. ಅವರು ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. (ನಾನು ವಕೀಲನಲ್ಲ. ನಿಮ್ಮ ಪತ್ರವನ್ನು ನಿಮ್ಮ ವಕೀಲರಿಗೇ ತೋರಿಸಿ.)

ಜಿಪಿಎ ಅಂದರೆ ಎರವಲು ಕೊಟ್ಟ ಕೈ. ಕೊಟ್ಟವರು ಹೋದ ದಿನ ಅದೂ ಹೋಯಿತು. ರಿಜಿಸ್ಟರ್ ಆಗಿದ್ದರೂ ಅಷ್ಟೇ. ಕೆಲವು ವಿನಾಯಿತಿಗಳಿವೆ, ಇದು ಅಂಥದ್ದಲ್ಲ. ಅವರು ಹೋದ ಕ್ಷಣದಿಂದ ಮನೆ ಅವರ ವಾರಸುದಾರರದು. ಸತ್ತವರ ಹೆಸರಿನ ಜಿಪಿಎ ಮೇಲೆ ಕೊಂಡರೆ ನಾಳೆ ಆ ವಾರಸುದಾರರಲ್ಲಿ ಯಾರೇ ಆಗಲಿ, ಇದು ನಮ್ಮ ಮನೆ, ನಾವು ಮಾರಿಲ್ಲ ಎಂದು ಕೋರ್ಟಿಗೆ ಹೋಗಬಹುದು. ಆಗ ರೇಣುಕಾ ಬೀದಿಯಲ್ಲಿ.

"ಹಂಗಾರ ಇ.ಸಿ.ಯಾಗ ಯಾಕ ಬರಲಿಲ್ರಿ ಮೇಡಂ?"

"ಇ.ಸಿ.ಲಿ ಪತ್ರಗಳು ಬರ್ತವೆ ಅಮ್ಮ. ಸಾವು ಬರಲ್ಲ."

ಖಾತಾದಲ್ಲೂ ಬರುವುದಿಲ್ಲ, ಯಾರಾದರೂ ಹೋಗಿ ಹೇಳುವ ತನಕ. ಕಂದಾಯದ ರಸೀದಿ ಸತ್ತವರ ಹೆಸರಿಗೂ ಕೊಡುತ್ತಾರೆ. ಕರೆಂಟು ಬಿಲ್ಲು ಪ್ರತಿ ತಿಂಗಳೂ ಅವರ ಹೆಸರಿಗೇ ಬರುತ್ತದೆ. ನಮ್ಮ ಹದಿನಾಲ್ಕೂ ಟಿಕ್ ಸರಿಯಾಗಿಯೇ ಇದ್ದವು. ಹದಿನಾಲ್ಕೂ ಕಾಗದಕ್ಕೆ, ನೆಲಕ್ಕೆ ಕೇಳಿದ ಪ್ರಶ್ನೆಗಳು. ಮನುಷ್ಯರಿಗೆ ಒಂದನ್ನೂ ಕೇಳಿರಲಿಲ್ಲ.

ಹಾಗಾದರೆ ಈಗೇನು ದಾರಿ? ಮರಣ ಪತ್ರ ಬೇಕು. ವಾರಸುದಾರರು ಯಾರ್ಯಾರು ಎಂದು ತೋರಿಸುವ ವಂಶವೃಕ್ಷ ಬೇಕು. ಖಾತಾ ಅವರ ಹೆಸರಿಗೆ ಬರಬೇಕು. ಆಮೇಲೆ ಅವರೆಲ್ಲ ಬಂದು ಸಹಿ ಹಾಕಬೇಕು. ಸಮಯ ಹಿಡಿಯುತ್ತದೆ, ಆದರೆ ಆಗದ ಕೆಲಸವೇನಲ್ಲ. "ಮುಖ್ಯ ಏನಪ್ಪಾ ಅಂದ್ರೆ" ಎಂದರು ವಕೀಲರು, "ವಾರಸುದಾರರಿಗೆ ಮಾರೋ ಮನಸ್ಸಿದೆಯಾ ಕೇಳಿ. ಅವರು ಇಲ್ಲ ಅಂದ್ರೆ ಅಲ್ಲಿಗೆ ಮುಗೀತು."

ಅಂದರೆ ಇಡೀ ಮನೆ ಈಗ ಒಂದು ಉತ್ತರದ ಮೇಲೆ ನಿಂತಿತ್ತು. ಕೇಳುವುದು ಎಲ್ಲಿ? ಸೋಮವಾರದ ಊಟಕ್ಕೆ ನಮ್ಮನ್ನು ಕರೆದಿದ್ದರು. ಆ ಕರೆಯನ್ನು ಯಾರೂ ವಾಪಸ್ ತಗೊಂಡಿರಲಿಲ್ಲ.

ಹೋದೆವು. ಹಳ್ಳಿಯ ನಡುವೆ ಹಳೇ ಹೆಂಚಿನ ಮನೆ. ಮುಂದೆ ಶಾಮಿಯಾನ. ನಂಜುಂಡಪ್ಪ ನನ್ನನ್ನು ನೋಡಿ ಒಂದು ಕ್ಷಣ ತಡೆದರು. ಆಮೇಲೆ, "ಬನ್ನಿ ಸಾ, ಕೈಕಾಲ್ ತೊಳ್ಕಳಿ" ಎಂದು ತಾವೇ ನೀರು ಕೊಟ್ಟರು. ಒಳಗೆ ಗೋಡೆಗೆ ಹನುಮಂತರಾಯಪ್ಪನವರ ಫೋಟೋ, ಹೂವಿನ ಹಾರ, ಮುಂದೆ ಎಡೆ. ಮುದ್ದೆ, ಸಾರು, ಅವರಿಗೆ ಇಷ್ಟ ಎಂದು ಒಂದು ಕಟ್ಟು ಬೀಡಿ. ನಾನು ಕೈ ಮುಗಿದೆ. ಕಾಗದದಲ್ಲಿ ಮೂರು ತಿಂಗಳು ಓದಿದ ಹೆಸರಿನ ಮುಖ ಆಗ ಕಂಡೆ.

ಊಟವಾದ ಮೇಲೆ ನಂಜುಂಡಪ್ಪ ಅಡುಗೆಮನೆಯ ಹೊಸ್ತಿಲ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಒಬ್ಬ ಹೆಂಗಸು ಗೋಡೆಗೊರಗಿ ಕೂತಿದ್ದರು.

"ಅತ್ಗೆ, ಇವ್ರೇ ಆ ಸಾಕ್ಷಿ ಸಾ. ಇವ್ರು ಮನೆ ತಗಳೋ ಮಕ್ಳು."

ಆಕೆ ನನ್ನನ್ನು ನೋಡಿದರು. "ಸಯ್ ಆಕ್ನಿಲ್ಲ ಅಂತಲ್ಲ. ಯಾಕಾಕ್ನಿಲ್ಲ?"

"ಯಜಮಾನರು ಇನ್ನೂ ಬದುಕಿದ್ದಾರೆ ಅಂತ ಬರೆದಿತ್ತಮ್ಮ."

ಆಕೆ ಫೋಟೋದ ಕಡೆ ತಿರುಗಿದರು.

"ಅಂಗ್ ಬರೆದಿದ್ರಾ?" ಎಂದರು. "ಒಂದಿನದ್ ಮಟ್ಗಾದ್ರೂ ಬದುಕಿಸ್ಬುಡೋರು."

ಯಾರೂ ನಗಲಿಲ್ಲ. ಆಕೆಯೇ ಸ್ವಲ್ಪ ನಕ್ಕರು. ಆಮೇಲೆ ಮೈದುನನ ಕಡೆ ನೋಡಿದರು.

"ಮನೆ ಮಾರ್ತೀಯ ಅಂತ ಗೊತ್ತು ಕಣಪ್ಪ, ಊರೋರೆಲ್ಲ ಯೋಳ್ತಾವ್ರೆ. ನೀನೊಬ್ಬ ಯೋಳ್ನಿಲ್ಲ."

"ಅಣ್ಣ ಯೋಳಿದ್ನಲ್ಲ ಅತ್ಗೆ, ಅದ್ಕೇ..."

"ಅಣ್ಣ ನಿಂಗ್ ಯೋಳ್ದ. ನನ್ ಯಾರ್ ಕೇಳಿದ್ರು?"

ನಂಜುಂಡಪ್ಪ ಟವೆಲ್ ಮಡಚಿದರು, ಬಿಡಿಸಿದರು. ಮತ್ತೆ ಮಡಚಿದರು.

ಆಗ ರೇಣುಕಾ ಆಕೆಯ ಎದುರು ನೆಲದ ಮೇಲೆ ಕೂತಳು. ಪಟ್ಟಿ ತೆಗೆಯಲಿಲ್ಲ. "ಅವ್ವಾರ, ಆ ಮನಿ ನಾವು ತಗೊಂಡ್ರ ನಿಮಗ ಒಪ್ಪಿಗಿ ಐತೇನ್ರಿ?" ಎಂದು ಕೇಳಿದಳು. ಅವಳ ಕೈ ಸೀರೆಯ ಸೆರಗನ್ನು ಹಿಡಿದಿತ್ತು. ಮಲ್ಲಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

"ಏನ್ ಕೆಲ್ಸವ್ವ ನಿಂದು?"

"ಗಾರ್ಮೆಂಟ್ಸ್‌ನ್ಯಾಗ್ರಿ."

"ನಾವೂ ಅಲ್ಲೇ ಇದ್ದೋರು ಕಣವ್ವ. ಇಂದ್ಗಡೆ ಗೋಡೆ ಐತಲ್ಲ, ಮಳೆಗಾಲ್ದಾಗೆ ಒಸಿ ತ್ಯಾವ ಆಯ್ತದೆ. ಯಾರೂ ಯೋಳಿರಕಿಲ್ಲ. ಸಂಪಿನ್ ಮುಚ್ಳ ಭಾರ, ಒಬ್ಳೇ ಎತ್ತಬ್ಯಾಡ." ಒಂದು ಉಸಿರು ಬಿಟ್ಟು ಹೇಳಿದರು: "ತಗೋ. ನಾನೇ ಬಂದು ಎಬ್ಬೆಟ್ ಒತ್ತೀನಿ. ತುಮ್ಕೂರಿಂದ ಮಗಳ್ನೂ ಕರ್ಸ್ತೀನಿ."

ರೇಣುಕಾ ಬಗ್ಗಿ ಆಕೆಯ ಕಾಲು ಮುಟ್ಟಿದಳು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಈ ಸಲ ಧೂಳಿರಲಿಲ್ಲ.

ಒದ್ದೆ ಗೋಡೆಯ ವಿಷಯ ನಲವತ್ತೇಳು ಪುಟದಲ್ಲಿ ಎಲ್ಲೂ ಇರಲಿಲ್ಲ. ನಾನು ಟೇಪು ಹಿಡಿದು ಅಳೆದದ್ದು ಅದೇ ಗೋಡೆಯನ್ನು.

ಹೊರಡಲು ಎದ್ದಾಗ ಆಕೆ ನನ್ನನ್ನು ತಡೆದರು.

"ಆವತ್ತೂ ನೀವೇನಾ ಸಾಕ್ಸಿ?"

"ಹೌದಮ್ಮ. ಬರ್ತೀನಿ."

"ನನ್ ಬಲ್ಲೆ ಅಂತ ಬರೀತೀರಾ?"

"ಹೂಂ."

"ಅಂಗಾರೆ ನನ್ ಎಸ್ರೇನು ಯೋಳಿ ನೋಡಣ."

ನಾನು ಬಾಯಿ ತೆರೆದೆ. ಮೂಲಪತ್ರ, ಇ.ಸಿ., ಖಾತಾ, ಜಿಪಿಎ, ಅಫಿಡವಿಟ್ ಎಲ್ಲವನ್ನೂ ಮನಸ್ಸಿನಲ್ಲೇ ತಿರುವಿದೆ. ಆ ಮನೆಯ ಅಂಗಳ ಗುಡಿಸಿದವರ, ಒಳಗೆ ಬಾಳಿದವರ, ಈಗ ಅದರ ಒಡತಿಯಾದವರ ಹೆಸರು ಯಾವ ಪುಟದಲ್ಲೂ ಇರಲಿಲ್ಲ.

"ಗೊತ್ತಿಲ್ಲಮ್ಮ" ಎಂದೆ.

"ಪುಟ್ಟಗಂಗಮ್ಮ" ಎಂದರು. ಪೆನ್ನು ತೆಗೆದು ಅಂಗೈಯಲ್ಲಿ ಬರೆದುಕೊಂಡೆ.

ಕಾಗದಪತ್ರಗಳು ಈಗ ಒಂದೊಂದಾಗಿ ಬರುತ್ತಿವೆ. ಮಹಡಿಯ ಮೊಳೆಗೆ ಕನ್ನಡಿ ಬಂದಿದೆ. ರೇಣುಕಾ ನೆಟ್ಟಗೆ ನಿಂತು ತಲೆ ಬಾಚುತ್ತಾಳೆ. ಸಂಜೆಯ ಹೊತ್ತು ನಾನು ನನ್ನ ಹಳೇ ಹದಿನಾರು ಸಹಿಗಳನ್ನು ಒಂದೊಂದಾಗಿ ನೆನಪಿಸಿಕೊಳ್ಳಲು ನೋಡುತ್ತೇನೆ. ಕೊಂಡವರ ಹೆಸರೆಲ್ಲ ನೆನಪಿಗೆ ಬರುತ್ತದೆ. ಮಾರಿದವರದು ಬರುವುದಿಲ್ಲ.

ನೀವು ಕೊನೆಯ ಸಲ 'ಇವರನ್ನು ಬಲ್ಲೆ' ಎಂದು ಸಹಿ ಹಾಕಿದಿರಲ್ಲ, ಅವರ ಹೆಸರೇನು?